ಬಸುರಲ್ಲದ ಹೊಟ್ಟೆ

ಮುನಿನಾರಾಯಣಮ್ಮ ಮಲ್ಲಿಗೆ ಮುಡಿಸಲು ಬಂದಾಗ ಸೊಸೆ ಪುಷ್ಪ ತಲೆ ಹಿಂದಕ್ಕೆಳೆದುಕೊಂಡಳು. "ಬ್ಯಾಡಿ ಅತ್ತೆ... ಇದು ಬಸುರಲ್ಲ ಅನ್ಸುತ್ತೆ."

"ಮುಟ್ಟು ನಿಂತೈತೆ, ಒಟ್ಟೆ ಬಂದೈತೆ. ಇನ್ನೇನಮ್ಮ ಬೇಕು?"

ಕಾಮಸಮುದ್ರದ ಹತ್ತಿರದ ಆ ಮನೆ ವರ್ಷಗಳಿಂದ ಕಾದಿದ್ದ ಹೊಟ್ಟೆ ಅದು. ಮೆಡಿಕಲ್ ಶಾಪಿನಿಂದ ತಂದ ಬಸುರು ಪರೀಕ್ಷೆಯ ಪಟ್ಟಿಯಲ್ಲಿ ಒಂದೇ ಗೆರೆ ಬಂದರೂ ಅತ್ತೆ ನಂಬಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜೀವ, ಊರಿಗೆಲ್ಲ ಹೇಳಿಯೂ ಬಿಟ್ಟಿದ್ದಳು! ಆದರೆ ಹೊಟ್ಟೆ ಬಿಗಿಯುತ್ತಾ ಹೋಯಿತು, ಕೈಕಾಲು ಒಣಗಿದವು, ಕಣ್ಣು ಹಳದಿಯಾಯಿತು. ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗುವ ಮಗ ವೇಣು, ರಜೆ ಹಾಕಿ ಹೆಂಡತಿಯನ್ನೂ ತಾಯಿಯನ್ನೂ ದೊಡ್ಡಾಸ್ಪತ್ರೆಗೆ ಕರೆದೊಯ್ದ.

ಸ್ಕ್ಯಾನ್ ನೋಡಿ ಡಾಕ್ಟರು ಹೇಳಿದರು: "ಇದು ಬಸುರಲ್ಲ. ಲಿವರ್‌ನಿಂದ ರಕ್ತ ಹೊರಗೆ ಹೋಗೋ ನಾಳದಲ್ಲಿ ಹೆಪ್ಪುಗಟ್ಟಿದೆ. ದಾರಿ ಮುಚ್ಚಿ ಲಿವರ್ ಊದಿಕೊಂಡಿದೆ, ಹೊಟ್ಟೇಲಿ ನೀರು ತುಂಬಿದೆ. ತಡ ಮಾಡಿದರೆ ಜೀವಕ್ಕೆ ಅಪಾಯ. ಯಾವುದಾದರೂ ಮಾತ್ರೆ ತಗೊಳ್ತಿದ್ರಾ?"

ಪುಷ್ಪ ಅತ್ತೆಯ ಮುಖ ನೋಡಿ "ಇಲ್ಲ" ಎಂದಳು. ಜೀವ ಹೋಗುವ ಹೊತ್ತಲ್ಲೂ ಯಾಕೆ ಸುಳ್ಳು ಹೇಳಿದಳೋ... ಅವಳಿಗೇ ತಿಳಿಯಲಿಲ್ಲ.

"ತಗೊಂಡವ್ಳೆ ಸಾಮಿ, ನಾನೇ ಕೊಟ್ಟಿದ್ದು," ಎಂದಳು ಮುನಿನಾರಾಯಣಮ್ಮ. "ಊರದೇವ್ರು ಗಂಗಮ್ಮನ ದೀಪ, ಮನೆದೇವ್ರು, ನೆಂಟರ ಮದ್ವೆ... ಇರೋಳು ಒಬ್ಳೇ ಸೊಸೆ. ಅವ್ಳು ಮುಟ್ಟಾಗಿ ದೂರ ಕೂತ್ರೆ ತಂಬಿಟ್ಟಿನ ದೀಪ ಎತ್ತೋರ್ಯಾರು? ಅದ್ಕೇ ಮುಟ್ಟು ಮುಂದಕ್ಕಾಕೋ ಮಾತ್ರೆ ಆಂಡರ್ಸನ್‌ಪೇಟೆಯಿಂದ ತರಿಸ್ತಿದ್ದೆ. ವರ್ಷವೆಲ್ಲಾ ಅಂಗೇ ಆಯ್ತು. ಮಾತ್ರೆ ಬಿಟ್ಮೇಲೂ ಮುಟ್ಟು ಬರ್ಲಿಲ್ಲ, ಬಸುರೇ ಅಂದ್ಕೊಂಡೆ."

ವೇಣು ತಾಯಿಯ ಕಡೆ ತಿರುಗಿದ. "ನಂಗೊಂದು ಮಾತು ಏಳ್ಬಾರ್ದಾಗಿತ್ತಾ ಅಮ್ಮ?"

"ಗಂಡಸ್ರತ್ರ ಏಳೋ ಮಾತೇನ್ಲಾ ಇದು?"

"ಅತ್ತೆ ಒಬ್ರದೇ ತಪ್ಪಲ್ಲ ರೀ, ದೀಪ ಎತ್ಬೇಕು ಅಂತ ನಂಗೂ ಆಸೆ ಇತ್ತು," ಎಂದು ಪುಷ್ಪ ಅತ್ತುಬಿಟ್ಟಳು.

ಡಾಕ್ಟರಾದರೂ ತನ್ನನ್ನು ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು ಮುನಿನಾರಾಯಣಮ್ಮನಿಗೆ. ಅವರು, ರಕ್ತದಲ್ಲೇ ಹೆಪ್ಪುಗಟ್ಟುವ ದೋಷವಿರಬಹುದು, ಮಾತ್ರೆಯೂ ಜೊತೆ ಸೇರಿರಬಹುದು, ಖಚಿತವಾಗಿ ಹೇಳಲಾಗದು ಎಂದರು. ಹಾಗಾದರೆ ತಪ್ಪು ಯಾರದು? ತನ್ನದೋ, ದೇವರದೋ, ಸೊಸೆಯ ರಕ್ತದ್ದೋ... ಮುನಿನಾರಾಯಣಮ್ಮ ತಲೆ ಕೆಟ್ಟವಳಂತೆ ವಾರ್ಡಿನ ಹೊರಗೆ ಕೂತಳು.

ಮುಚ್ಚಿದ ನಾಳ ತೆರೆದಿರಲು ಸ್ಟೆಂಟ್ ಹಾಕಿದರು, ರಕ್ತ ತೆಳುವಾಗಿಸುವ ಔಷಧಿ ಶುರುವಾಯಿತು. ಹೊಟ್ಟೆ ಇಳಿಯತೊಡಗಿತು. ಒಂದು ಮಧ್ಯಾಹ್ನ ಮುನಿನಾರಾಯಣಮ್ಮ ಊಟ ತಂದಾಗ ಪುಷ್ಪ ಮಂಚ ಬಿಟ್ಟು ಮೂಲೆಯ ನೆಲದಲ್ಲಿ ಮುದುಡಿ ಕೂತಿದ್ದಳು.

"ಅಲ್ಲೇ ಇಡಿ ಅತ್ತೆ, ಇತ್ಲಾಗೆ ಬರ್ಬೇಡಿ. ಮುಟ್ಟಾಗಿದ್ದೀನಿ."

ಮುನಿನಾರಾಯಣಮ್ಮನ ಕಾಲು ತಾನಾಗಿಯೇ ನಿಂತಿತು. ಎಷ್ಟಾದರೂ ಹುಟ್ಟಿದಾಗಿನ ಅಭ್ಯಾಸ. ಆಮೇಲೆ ಹೋಗಿ ಸೊಸೆಯ ಭುಜಕ್ಕೆ ಭುಜ ತಾಗುವಂತೆ ಕೂತು, ಡಾಕ್ಟರು ಹೇಳಿದಂತೆ ಉಪ್ಪಿಲ್ಲದ ಅನ್ನ ಕಲಸಿ ತುತ್ತು ಕೊಟ್ಟಳು. ಪುಷ್ಪ ಅಳುತ್ತಲೇ ತಿಂದಳು. ಗಂಗಮ್ಮನಿಗೆ ಏನೆಂದು ಹೇಳುವುದೋ ಮುನಿನಾರಾಯಣಮ್ಮನಿಗೆ ತೋಚಲಿಲ್ಲ. ಸೊಸೆ ಬಿಟ್ಟ ಅನ್ನವನ್ನು ಅದೇ ತಟ್ಟೆಯಲ್ಲಿ ತಾನು ಉಂಡಳು.