ಅರ್ಧಕ್ಕೆ ನಿಂತ ದೂರುಗಳು

ಜೂನ್ ತಿಂಗಳ ಎರಡನೆಯ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಗುರುಬಸಪ್ಪ ಶೇಟೆ ಮಿರಜದ ಠಾಣೆಗೆ ಬಂದರು. ಪೇಟೆಯಲ್ಲಿ ಅರಿಶಿನದ ಸಗಟು ವ್ಯಾಪಾರ, ಊರಲ್ಲಿ ದೊಡ್ಡ ಹೆಸರು, ಬಡವರಿಗಾಗಿ ಟ್ರಸ್ಟೊಂದು ನಡೆಸುವ ಡಯಾಲಿಸಿಸ್ ಕೇಂದ್ರದ ಅಧ್ಯಕ್ಷಗಿರಿ. ಹಿಂದಿನ ದಿನ ಬೇಡಗದ ನೀಲೇಶ ಎಂಬವನು ಕೇಂದ್ರದ ಬಾಗಿಲ ಗಾಜು ಒಡೆದಿದ್ದಾನೆ ಎಂಬುದು ಅವರ ದೂರು.

"ಯಾಕ ಒಡದನ್ರಿ?" ಇನ್ಸ್‌ಪೆಕ್ಟರ್ ಅಜಿತ ಮಗದುಮ್ ಕೇಳಿದ.

"ಅವರಪ್ಪ ಆದಪ್ಪ ನಮ್ಮಲ್ಲೇ ಬರ್ತಿದ್ದ. ತೀರಿಕೊಂಡ. ಇವ ನೋಡಿದ್ರ, ಮೂರ ಸಲ ನಿಮ್ಮ ವೆಬ್‌ಸೈಟಿನ್ಯಾಗ ಬರದೇನಿ, ನೀವು ಕಿವಿಗೇ ಹಾಕ್ಕೊಳ್ಳಲಿಲ್ಲ ಅಂತಾನ. ನಮಗ ಬಂದದ್ದ ಅರ್ಧಾ ಮೇಲ್ ಸಾಹೇಬ್ರ! ಈ ಮಂದಿಗೆ ನೆಟ್ಟಗ ಬರಿಯಾಕ ಬರೂದಿಲ್ಲ. ನಾವೇನ ಮಾಡೂದು?"

ಹೇಳುವಾಗ ಗುರುಬಸಪ್ಪನವರು ನಕ್ಕರು. ಸತ್ತವನ ಸುದ್ದಿಯಲ್ಲಿ ನಗು ಎಲ್ಲಿಂದ ಬಂತೋ, ಅಜಿತನಿಗೆ ಮೈ ಉರಿಯಿತು. ಆದರೂ ಎಫ್‌ಐಆರ್ ಬರೆಸಿಕೊಂಡು, ಮಧ್ಯಾಹ್ನ ನೀಲೇಶನನ್ನು ಕರೆಸಿದ.

"ಗಾಜು ಒಡದಿಯೇನು?"

"ಒಡದೇನ್ರಿ."

"ಏನ ಬರದಿದ್ದಿ ಅವರಿಗೆ?"

"ನಿಮ್ಮಲ್ಲಿ ಬಂದ ಮ್ಯಾಲ ನಮ್ಮ ಅಪ್ಪಗ ಕಾವೀಳ ಆಗೇತಿ, ಹ್ಯಾಂಗ ಆತು ನೋಡ್ರಿ ಅಂತ. ಮರಾಠಿಯೊಳಗ ಬರದೇನಿ. ಫೋನ್ ನಂಬರೂ ಹಾಕೇನಿ."

ಕಾವೀಳ ಎಂದರೆ ಕಾಮಾಲೆ. ಅಜಿತ ಕೇಂದ್ರದಿಂದ ತರಿಸಿದ್ದ ಮೇಲ್‌ಗಳ ಪ್ರಿಂಟು ತೆಗೆದು ನೋಡಿದ. ನೀಲೇಶನ ಮೂರೂ ಮೇಲ್‌ಗಳಲ್ಲಿ ಹೆಸರಿತ್ತು, ಊರಿತ್ತು, "ನಿಮ್ಮಲ್ಲಿ ಬಂದ ಮೇಲೆ ನಮ್ಮ ಅಪ್ಪನಿಗೆ" ಎಂಬುದಿತ್ತು. ಮುಂದೆ ಬಿಳಿ ಕಾಗದ. ವೆಬ್‌ಸೈಟಿನಲ್ಲಿ ತುಂಬುವ ಅರ್ಜಿಯಲ್ಲಿ ಫೋನ್ ನಂಬರಿನ ಜಾಗ ಕೊನೆಗಿದ್ದುದರಿಂದ ಅದೂ ಬಂದಿರಲಿಲ್ಲ. ಬೇರೆಯವರ ಮೇಲ್‌ಗಳಲ್ಲೂ ಇದೇ ಹಾಡು. ಒಬ್ಬೊಬ್ಬರದು ಒಂದೊಂದು ಕಡೆ ನಿಂತಿತ್ತು.

ಹವಾಲ್ದಾರ ದಾದಾಸಾಬ ರೋಗಿಗಳ ವಿಳಾಸ ಹಿಡಿದು ಎರಡು ದಿನ ಹಳ್ಳಿ ಹಳ್ಳಿ ತಿರುಗಿದ. ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: ಇಲ್ಲಿಂದ ಮುಂದೆ ಏನು ಬರೆದಿದ್ದಿರಿ? ಬುಧವಾರ ಸಂಜೆ ಬಂದವನು ಟೋಪಿ ತೆಗೆದು ಮೇಜಿನ ಮೇಲಿಟ್ಟ.

"ಎಲ್ಲಾರೂ ಒಂದೇ ಹೇಳ್ತಾರ್ರಿ ಸಾಹೇಬ. ಮುಂದಿನ ಶಬ್ದ ಕಾವೀಳ."

ಅಜಿತ ರೋಗಿಗಳ ಪಟ್ಟಿ ಎಳೆದುಕೊಂಡು ಎಣಿಸಿದ. ಕೇಂದ್ರದಲ್ಲಿ ಇನ್ನೂ ಮೂವತ್ತೆರಡು ಜನ ವಾರಕ್ಕೆ ಎರಡು, ಮೂರು ಸಲ ಹೋಗಿ ಯಂತ್ರಕ್ಕೆ ರಕ್ತ ಒಡ್ಡಿ ಮಲಗುತ್ತಿದ್ದರು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೇ ವೆಬ್‌ಸೈಟ್ ಮಾಡಿಕೊಟ್ಟ ಸುಶಾಂತನನ್ನು ಮಾಧವನಗರದ ಅವನ ಅಂಗಡಿಯಲ್ಲಿ ಹಿಡಿದರು. ಇಬ್ಬರು ಪಂಚರ ಎದುರಿಗೆ ಅಜಿತ ತಾನೇ ಅರ್ಜಿ ತುಂಬಿದ. ಕೇಂದ್ರವನ್ನು ಹೊಗಳಿ ಎರಡು ಪುಟ ಬರೆದ. ಪೂರ್ತಿ ಹೋಯಿತು. ಕಾವೀಳ ಎಂದು ಬರೆದ. ಅಲ್ಲಿಗೇ ಕತ್ತರಿಸಿತು. ಇಂಗ್ಲಿಷಿನಲ್ಲಿ ಬರೆದರೂ ಅದೇ.

"ಇದೇನಪಾ?"

ಸುಶಾಂತ ಬೆವರಿದ. "ಹಿಂದ ಯಾರೋ ಟ್ರಸ್ಟಿನವರಿಗೆ ಬೈದು ಬರದಿದ್ರು ಸರ್. ಬೈಗುಳ ಬಂದ್ರ ಅಲ್ಲಿಂದ ಮುಂದ ಮೇಲ್ ಬರಬಾರದು ಅಂದ್ರು. ಬೈಗುಳದ ಯಾದಿ ಹಾಕಿಕೊಟ್ಟೆ. ಆಮ್ಯಾಲ ನಾ ಕೈ ಹಚ್ಚಿಲ್ಲ."

"ತಗಿ ಅದನ್ನ."

ಯಾದಿ ತೆರೆದುಕೊಂಡಿತು. ಮರಾಠಿಯ ಹೊಲಸು ಬೈಗುಳಗಳು, ಹೆತ್ತವರನ್ನೂ ಬಿಡದಂಥವು. ಅವುಗಳ ಕೆಳಗೆ ಕಾವೀಳ, ಅದರ ಇಂಗ್ಲಿಷ್ ಹೆಸರು, ಅದನ್ನು ತರುವ ರೋಗಾಣುವಿನ ಹೆಸರು. ರೋಗಿಯ ನರಳಾಟವನ್ನು ಬೈಗುಳದ ಸಾಲಿಗೆ ಸೇರಿಸಿದ ಮನುಷ್ಯ ಯಾರು? ಮಾರ್ಚ್ ತಿಂಗಳಲ್ಲಿ ಕೇಂದ್ರದ ವ್ಯವಸ್ಥಾಪಕ ಭೂಷಣನ ಪಾಸ್‌ವರ್ಡ್ ಬಳಸಿ ಸೇರಿಸಿದ್ದೆಂದು ಯಾದಿಯ ಪಕ್ಕದಲ್ಲೇ ದಾಖಲಾಗಿತ್ತು. ಪಂಚನಾಮೆ ಬರೆದು ಮುಗಿಸುವ ಹೊತ್ತಿಗೆ ಅಜಿತನಿಗೆ ಸೋಪು ಹಚ್ಚಿ ಕೈ ತೊಳೆಯಬೇಕೆನಿಸಿತ್ತು.

"ಎತ್ತಾಕ್ಕೊಂಡ ಬರೂಣೇನ್ರಿ ಆ ಭೂಷಣನ್ನ?" ದಾದಾಸಾಬ ಕೇಳಿದ.

"ಟ್ರಸ್ಟಿನ ಹೆಸರ ಕೆಡಬಾರದಂತ ಮಾಡೇನಿ ಅಂದು ಕೈ ತೊಳ್ಕೊಳ್ತಾನ. ಏನ ಮುಚ್ಚಾಕತ್ತಾನ, ಮೊದಲ ಅದು ಸಿಗಲಿ."

ಮೇಲ್‌ಗಳ ಕಟ್ಟಿನಲ್ಲಿ ಒಂದೇ ಒಂದು ಪೂರ್ತಿ ಬಂದಿತ್ತು. ಅದು ಕನ್ನಡದಲ್ಲಿತ್ತು. ಕೇಂದ್ರದವರು ಅದರ ಮೇಲೆ ಅಡ್ಡ ಗೆರೆ ಎಳೆದು ಕಸ ಎಂದು ಬರೆದಿಟ್ಟಿದ್ದರು. ಅಜಿತನ ಮನೆಯಲ್ಲಿ ಅಜ್ಜನ ಕಾಲದಿಂದಲೂ ಕನ್ನಡವೇ. ಬೈಯುವುದೂ ಅದರಲ್ಲೇ, ದೇವರಿಗೆ ಕೈ ಮುಗಿಯುವುದೂ ಅದರಲ್ಲೇ. ಆದರೆ ಕಲಿತದ್ದು ಮರಾಠಿ ಶಾಲೆಯಲ್ಲಿ, ಹಾಗಾಗಿ ಕನ್ನಡದ ಅಕ್ಷರ ಒಂದೂ ಬಾರದು. ಅವನಿಗೆ ಓದಲು ಬಂದದ್ದು ಕೊನೆಯಲ್ಲಿದ್ದ ಫೋನ್ ನಂಬರು ಮಾತ್ರ. ಅದಕ್ಕೆ ಕರೆ ಮಾಡಿ ಮಧ್ಯಾಹ್ನ ಮ್ಹೈಸಾಳಕ್ಕೆ ಹೋದರು.

ಕಬ್ಬು ಕಡಿಯುವ ಕೂಲಿಗೆಂದು ವಿಜಯಪುರದ ಕಡೆಯಿಂದ ಬಂದು ಇಲ್ಲೇ ನಿಂತ ಮನೆತನ. ಸೊಸೆ ಮಯೂರಿ ಚಾಪೆ ಹಾಸಿದಳು. "ಬರ್ರಿ ಸಾಹೇಬ್ರ, ಕುಂದ್ರಿ." ಒಳಗೆ ಅವಳ ಅತ್ತೆ ಪದ್ಮವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೊರಳಿ ನೋಡಿದಾಗ ಕಣ್ಣಿನ ಬಿಳುಪೆಲ್ಲ ಹಳದಿ.

"ಇದನ್ನ ನೀನ ಬರದದ್ದೇನವಾ? ಓದಿ ಹೇಳು. ನನಗ ಓದಾಕ ಬರೂದಿಲ್ಲ."

ಮಯೂರಿ ಅವನ ಮುಖವನ್ನೊಮ್ಮೆ ನೋಡಿ ಓದಿದಳು. "ನಮ್ಮ ಅತ್ತೆಗೆ ಹಾಕಿದ ಫಿಲ್ಟರಿನ ಮೇಲೆ ಅತ್ತೆಯ ಹೆಸರಿನ ಚೀಟಿ ಇತ್ತು. ಅದರ ತುದಿ ಎದ್ದಿತ್ತು. ಕೆಳಗೆ ಬೇಡಗದ ಆದಪ್ಪನವರ ಹೆಸರು ಕಂಡಿತು. ಅವರು ಕಾಮಾಲೆಯಾಗಿ ತೀರಿಕೊಂಡು ಆಗಲೇ ಎಂಟು ದಿನವಾಗಿತ್ತು. ಒಬ್ಬರದು ಇನ್ನೊಬ್ಬರಿಗೆ ಹಾಕಬಾರದೆಂದು ನೀವೇ ಗೋಡೆಗೆ ಬರೆಸಿದ್ದೀರಿ. ದಯಮಾಡಿ ನೋಡಿರಿ."

ಆ ಫಿಲ್ಟರು ಮುಂಗೈಯಷ್ಟು ಉದ್ದದ ಕೊಳವೆ. ರಕ್ತ ಅದರೊಳಗೆ ಹಾದು ಸೋಸಿಕೊಂಡು ಮೈಗೆ ಮರಳುತ್ತದೆ. ಬಡವರ ಕೇಂದ್ರಗಳಲ್ಲಿ ತೊಳೆದು ಮತ್ತೆ ಬಳಸುವುದುಂಟು, ಆದರೆ ಅದೇ ರೋಗಿಗೆ, ಅದೂ ಕೆಲವೇ ಸಲ. ಇಲ್ಲಿ ಸತ್ತವನ ಕೊಳವೆ ಬದುಕಿದ್ದವಳಿಗೆ ಬಂದಿತ್ತು.

"ಆವಾಗನ ಯಾಕ ಜಗಳಾ ತಗೀಲಿಲ್ಲ?"

"ತಗದೇನ್ರಿ. ಭೂಷಣ ಸರ್ ಚೀಟಿ ತಪ್ಪಿ ಹಚ್ಚೇತಿ ಅಂದ್ರು. ಹೆಚ್ಚಿಗಿ ಮಾತಾಡಿದ್ರ ಬ್ಯಾರೆ ಕಡೆ ಹೋಗ್ರಿ ಅಂದ್ರು. ಎಲ್ಲಿ ಹೋಗೂದ್ರಿ?" ಅವಳು ದನಿ ತಗ್ಗಿಸಿದಳು. "ನಾಳೆ ಮತ್ತ ಪಾಳಿ ಐತಿ. ಹೋದ್ರ ಹಿಂಗ, ಹೋಗದಿದ್ರ ಸಾಯ್ತಾರ."

"ನಾಳೆ ಅಲ್ಲಿಗಿ ಹೋಗಬ್ಯಾಡ್ರಿ. ಬ್ಯಾರೆ ದವಾಖಾನಿ ನಾ ನೋಡ್ತೇನಿ," ಎಂದು ಅಜಿತ ಎದ್ದ. ಮಯೂರಿ ತಂದಿಟ್ಟಿದ್ದ ಚಹಾ ಹಾಗೇ ಉಳಿಯಿತು.

ಶುಕ್ರವಾರ ಬೆಳಗಿನ ಏಳಕ್ಕೆ, ಮೊದಲ ಪಾಳಿ ಹಚ್ಚುವ ಮುಂಚೆ, ಆರೋಗ್ಯ ಇಲಾಖೆಯ ವೈದ್ಯರೊಬ್ಬರನ್ನು ಕರೆದುಕೊಂಡು ಕೇಂದ್ರಕ್ಕೆ ನುಗ್ಗಿದರು. ರೋಗಿಗಳನ್ನು ಆಂಬುಲೆನ್ಸ್‌ಗಳಲ್ಲಿ ಬೇರೆ ಆಸ್ಪತ್ರೆಗಳಿಗೆ ಕಳಿಸಿದರು. ಹಿಂದಿನ ತೊಳೆಯುವ ಕೋಣೆಯ ಬಾಗಿಲು ತೆರೆದಾಗ ದಾದಾಸಾಬ ಮೂಗಿಗೆ ಕರವಸ್ತ್ರ ಒತ್ತಿಕೊಂಡ. ಒಂದೇ ಪ್ಲಾಸ್ಟಿಕ್ ಟಬ್ಬು, ಕಂದು ಬಣ್ಣದ ನೀರು, ಅದರಲ್ಲಿ ಎಲ್ಲರ ಕೊಳವೆಗಳೂ ಒಟ್ಟಿಗೆ. ತಳದಲ್ಲಿ ಹೆಪ್ಪುಗಟ್ಟಿದ ರಕ್ತ. ವೈದ್ಯರು ಚೀಟಿಗಳನ್ನು ಒಂದೊಂದಾಗಿ ಬಿಡಿಸಿದರು; ಒಂದರ ಕೆಳಗೊಂದು ಹೆಸರು, ಎಷ್ಟೋ ಜನ ಆಗಲೇ ಮಣ್ಣಾದವರು. ಗುರುಬಸಪ್ಪನವರು ಬಾಗಿಲಲ್ಲೇ ನಿಂತಿದ್ದರು. ಆ ದಿನ ನಗಲಿಲ್ಲ.

ಕಪಾಟಿನ ಕೆಳಗಿನ ಅರೆಗೆ ಬೀಗವಿತ್ತು. ಒಡೆಸಿದಾಗ ಹೊಚ್ಚ ಹೊಸ ಫಿಲ್ಟರುಗಳು ಸಾಲಾಗಿದ್ದವು. ಎಲ್ಲವುಗಳ ಮೇಲೂ ಒಬ್ಬಳದೇ ಹೆಸರು: ಸುನಂದಾಬಾಯಿ.

"ಯಾರಿವರು?" ಅಜಿತ ಕೇಳಿದ.

ಭೂಷಣ ನೆಲ ನೋಡುತ್ತ ನಿಂತಿದ್ದ. ಇಸ್ತ್ರಿ ಅಂಗಿ, ಹಣೆಯ ಮೇಲೆ ವಿಭೂತಿ. "ನಮ್ಮ ಅವ್ವ ರಿ."

ಅವನನ್ನು ಬಂಧಿಸಿದ್ದು ಬೆಳಿಗ್ಗೆ ಎಂಟೂಕಾಲಿಗೆ. ಠಾಣೆಯಲ್ಲಿ ಎಲ್ಲವನ್ನೂ ತಾನಾಗಿಯೇ ಹೇಳಿದ. ತಾಯಿಗೂ ಅಲ್ಲೇ ಡಯಾಲಿಸಿಸ್. ಪ್ರತಿ ಸಲ ಅವಳಿಗೆ ಹೊಸದು ಹಾಕುತ್ತಿದ್ದ. ಅದು ಬೇರೆಯವರ ಪಾಲಿನದು. ಕೊರತೆ ಬಿದ್ದಾಗ ಸತ್ತವರ ಕೊಳವೆಗಳಿಗೆ ಬದುಕಿದ್ದವರ ಚೀಟಿ ಹಚ್ಚಿದ.

"ಮೇಲ್ ಅರ್ಧಾ ಯಾಕ ಕತ್ತರಿಸಿದಿ? ಪೂರಾ ಅಳಸಬೇಕಿತ್ತಲ್ಲ?"

"ಪ್ರತಿ ಮೇಲಿಗೂ ತಾನಾಗೇ ನಂಬರ ಬೀಳತೈತ್ರಿ, ಅಧ್ಯಕ್ಷರು ತಿಂಗಳಿಗೊಮ್ಮೆ ಅದನ್ನ ನೋಡಿ ಎಣಸತಾರ. ನಂಬರ ತಪ್ಪಿದ್ರ ಕೇಳ್ತಿದ್ರು. ಅರ್ಧಾ ಬಂದ್ರ ನಕ್ಕು ಬಿಡ್ತಿದ್ರು."

"ಕನ್ನಡದ್ದು ಹ್ಯಾಂಗ ಬಿಟ್ಟಿ?"

"ಮನ್ಯಾಗ ಮಾತಾಡೂ ಭಾಷಾ ರಿ. ಅದನ್ನ ಯಾರರೆ ಬರೀತಾರಂತ ತಲಿಗೇ ಬರಲಿಲ್ಲ."

ಆ ಮಾತನ್ನು ಅಜಿತನೂ ಆಡಬಹುದಿತ್ತು. ನೀರು ಕುಡಿದು, ಕೊನೆಯ ಪ್ರಶ್ನೆ ಕೇಳಿದ. "ನಿಮ್ಮ ಅವ್ವಗ ಒಂದ ಸಲಾನೂ ತೊಳದದ್ದು ಹಾಕಿಲ್ಲೇನು?"

ಭೂಷಣ ಮೊದಲ ಬಾರಿಗೆ ತಲೆಯೆತ್ತಿದ. ಹೀಗೂ ಕೇಳುತ್ತಾರೆಯೇ ಎಂಬಂತೆ ನೋಡಿದ.

"ಹ್ಯಾಂಗ ಹಾಕಲಿ ಸಾಹೇಬ್ರ? ಅವನ್ನ ತೊಳಿಯೂದು ನಾ ಕಣ್ಣಾರೆ ನೋಡೇನಲ್ಲ."