ಬರಿಯ ಹೆಗಲು

"ಬರೇ ಹೆಗಲ ಕೊಡಬ್ಯಾಡ್ರಿ ಸಾಹೇಬ್ರ. ಈ ಕಂಬಳಿ ಹಾಕ್ಕೋರಿ."

ರೇವಣ್ಣ ನಾಲ್ಕು ಮಡಿಕೆಯ ಕರಿ ಕಂಬಳಿಯ ತುಂಡೊಂದನ್ನು ಅಳಿಯನ ಮುಂದೆ ಹಿಡಿದು ನಿಂತಿದ್ದ. ಅದರ ತುಂಬ ಬೀರೋಬನ ಭಂಡಾರ, ಅಂದರೆ ದೇವರ ಅರಿಶಿನಪುಡಿ, ದಟ್ಟವಾಗಿ ಚೆಲ್ಲಿತ್ತು. ಅಂಗಳದಲ್ಲಿ ಚಟ್ಟದ ಮೇಲೆ ಶಂಕರೆಪ್ಪನ ಹೆಣ. ಹಣೆ, ಕೆನ್ನೆ, ಕೈಗಳಿಗೆಲ್ಲ ಅರಿಶಿನ ಬಳಿದಿದ್ದರು. ಸುಟ್ಟ ಮೆಣಸಿನಕಾಯಿಯ ಘಾಟು, ಕೊಳೆತ ನಿಂಬೆಹಣ್ಣಿನ ವಾಸನೆ, ಅದರ ಮೇಲೆ ಊದಿನಕಡ್ಡಿಯ ಹೊಗೆ. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ದೂರ ನಿಂತಿದ್ದರು. ಒಬ್ಬರೂ ಅಳುತ್ತಿರಲಿಲ್ಲ.

ಆಕಾಶ ನಕ್ಕ. ನಗಬಾರದ ಜಾಗದಲ್ಲಿ ನಕ್ಕ. ಅವನು ಸೋಲಾಪುರದ ವಿಜಾಪುರ ರಸ್ತೆಯಲ್ಲಿ ಫಿಜಿಯೋಥೆರಪಿ ಕ್ಲಿನಿಕ್ ಇಟ್ಟವನು. ದಿನವೂ ಹತ್ತಾರು ಜನರ ಕುತ್ತಿಗೆ, ಸೊಂಟ ನೆಟ್ಟಗೆ ಮಾಡಿ ಕಳಿಸುವವನು. ಜಿಮ್ಮಿನಲ್ಲಿ ಈ ಹೆಣಕ್ಕಿಂತ ಭಾರದ ಕಬ್ಬಿಣ ಎತ್ತುವವನು. ಹೆಂಡತಿಯ ತವರಾದ ಈ ಅಕ್ಕಲಕೋಟೆ ತಾಲೂಕಿನ ಹಳ್ಳಿಗೆ ಭಾನುವಾರ ಉಂಡು ಹೋಗಲೆಂದು ಬಂದಿದ್ದ. ಬಂದರೆ ಸಾವು. ಹೊರಲು ಮೂವರು ಸಿಕ್ಕಿದ್ದರು, ನಾಲ್ಕನೆಯವನಿಲ್ಲದೆ ಹೆಣ ಬೆಳಗಿನಿಂದ ಬಿಸಿಲಿಗೆ ಬಿದ್ದಿತ್ತು. ಇಷ್ಟು ಜನರಿರುವ ಊರಲ್ಲಿ ಒಬ್ಬ ಮುದುಕನಿಗೆ ನಾಲ್ಕು ಹೆಗಲು ಇಲ್ಲವೇ ಎಂದು ರೇಗಿ ತಾನೇ ಮುಂದೆ ಬಂದಿದ್ದ.

ಕಂಬಳಿ ಕುರಿ ನಾತ ಹೊಡೆಯುತ್ತದೆ ಎಂದ. ಸತ್ತವನೇನು ಕಚ್ಚುತ್ತಾನೆಯೇ ಎಂದ. ಇಸ್ತ್ರಿಯ ಅಂಗಿ ಕೊಳೆಯಾಗಬಾರದೆಂದು ಬಿಚ್ಚಿ ಹೆಂಡತಿ ಸಪ್ನಾಳ ಕೈಗೆ ಕೊಟ್ಟು, ಬರೇ ಬನಿಯನ್ನಿನಲ್ಲಿ, ಬಲಹೆಗಲು ಕೊಡಲು ಚಟ್ಟದ ಒಂದು ಮೂಲೆಗೆ ಹೋಗಿ ನಿಂತ. ರೇವಣ್ಣನ ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು. ನಾಲ್ಕು ಜನರೆದುರು ಅಳಿಯನಿಗೆ ಎದುರಾಡುವ ರೂಢಿ ಆ ಮನೆತನದಲ್ಲಿ ಇರಲಿಲ್ಲ. ಹಾಳು ಮರ್ಯಾದೆ! ಅದೊಂದು ಇಲ್ಲದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಶಂಕರೆಪ್ಪ ಮಾಟ ಮಾಡುತ್ತಿದ್ದ. ಯಾರ ಹೊಸ್ತಿಲಲ್ಲಿ ಸೂಜಿ ಚುಚ್ಚಿದ ನಿಂಬೆ ಸಿಕ್ಕಿತು, ಯಾರ ಸೊಸೆಯ ಬಾಯಿ ಬಿದ್ದುಹೋಯಿತು, ಊರಿಗೆಲ್ಲ ಗೊತ್ತಿತ್ತು. ಇನ್ನೂ ಒಂದು ಗೊತ್ತಿತ್ತು. ನಲವತ್ತು ವರ್ಷದಲ್ಲಿ ಅವನು ಕೂತದ್ದನ್ನು ಕಂಡವರಿರಲಿಲ್ಲ. ರೊಟ್ಟಿಯನ್ನು ನಡೆಯುತ್ತ ತಿನ್ನುವನು, ಚಹಾ ನಡೆಯುತ್ತ ಕುಡಿಯುವನು, ಹೊಲದ ಬದುವಿನ ಮೇಲೆ ಹಗಲೆಲ್ಲ ತಿರುಗುವನು. ಒಂದು ಗಳಿಗೆ ನಿಂತರೆ ಸಾಕು, ಅಂಗಿಯೊಳಗೆ ಅವನ ಬಲಹೆಗಲು ಪಟಪಟ ಹಾರುತ್ತಿತ್ತು. ಹೋದ ವರ್ಷ ಮಾವ ಕೇಳಿಕೊಂಡನೆಂದು ಆಕಾಶನೇ ಅದನ್ನು ಪರೀಕ್ಷೆ ಮಾಡಿ, ಚಹಾ ಕಡಿಮೆ ಮಾಡಿರಿ, ನಿದ್ದೆ ಸರಿಯಾಗಿ ಮಾಡಿರಿ ಎಂದು ಹೇಳಿದ್ದ. ಮುದುಕ ಆ ಮಾತು ಕೇಳಿಸಿಕೊಂಡಿರಲಿಲ್ಲ. ಆಕಾಶನ ಅಗಲ ಹೆಗಲನ್ನೇ ಬಹಳ ಹೊತ್ತು ನೋಡಿದ್ದ.

"ಹೆಗಲ ಛಲೋ ಐತಿ ನಿಂದು," ಎಂದಿದ್ದ.

ಮಣ್ಣು ಕೊಡುವ ಜಾಗಕ್ಕೂ ಊರಿಗೂ ನಡುವೆ ಬೇವಿನ ಮರದ ಕೆಳಗೆ ಒಂದು ಕಟ್ಟೆ. ಚಟ್ಟ ಇಳಿಸಿ ಹೆಗಲು ಬದಲಿಸುವುದು ಅಲ್ಲಿ. ಅಲ್ಲಿಗೆ ಬಂದಾಗ ಉಳಿದ ಮೂವರು ತಮ್ಮ ಹೆಗಲ ಮೇಲಿನ ಕಂಬಳಿ ತುಂಡುಗಳನ್ನು, ಹತ್ತಿದ್ದೇನಿದ್ದರೂ ಅಲ್ಲೇ ಉಳಿಯಲೆಂದು, ಕಟ್ಟೆಯ ಮೇಲೆ ಬಿಸಾಡಿದರು. ತಿರುಗಿ ನೋಡಲಿಲ್ಲ. ಬಿಸಾಡಲು ಆಕಾಶನ ಹತ್ತಿರ ಏನೂ ಇರಲಿಲ್ಲ. ಬೆವರು ಒರೆಸಿಕೊಂಡ, ಅಷ್ಟೆ.

ಮತ್ತೆ ಎತ್ತಿದಾಗ ಹೆಣ ಹಗುರಾಗಿತ್ತು. ಖಾಲಿ ಚಟ್ಟ ಎತ್ತಿದಷ್ಟು ಹಗುರ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎದುರು ಮೂಲೆಗೆ ಹೆಗಲು ಕೊಟ್ಟಿದ್ದ ಕಲ್ಲಣ್ಣನ ಗಂಟಲಿನಿಂದ ಸಣ್ಣದೊಂದು ದನಿ ಹೊರಟಿತು. ಆಕಾಶನಿಗೆ ಮಾತ್ರ ಭಾರ ಇಳಿದಿರಲಿಲ್ಲ. ಗುಂಡಿಗೆ ಮಣ್ಣು ಹಾಕಿದ ಮೇಲೂ, ಭಾವಿಕಟ್ಟೆಯಲ್ಲಿ ನಾಲ್ಕು ಕೊಡ ನೀರು ಸುರುವಿಕೊಂಡ ಮೇಲೂ ಇಳಿಯಲಿಲ್ಲ.

ಮೂರನೆಯ ದಿನ ಕ್ಲಿನಿಕ್ಕಿನಲ್ಲಿ ಅದು ಶುರುವಾಯಿತು.

ಮೊದಲು ಒಂದೇ ಮಿಡಿತ. ಚರ್ಮದ ಕೆಳಗೆ ಯಾರೋ ಬೆರಳಿನಿಂದ ತಟ್ಟಿದ ಹಾಗೆ. ಆಮೇಲೆ ಎರಡು, ನಾಲ್ಕು. ಆಕಾಶನಿಗೆ ಗಾಬರಿಯೇನೂ ಆಗಲಿಲ್ಲ. ಸ್ನಾಯು ಅದುರುವುದಕ್ಕೆ ಕಾರಣಗಳನ್ನು ಬರೆದ ಹಾಳೆ ಅವನ ಗೋಡೆಯ ಮೇಲೆಯೇ ಇತ್ತು. ಚಹಾ ಹೆಚ್ಚಾಗಿರಬೇಕು ಎಂದು ಚಹಾ ಬಿಟ್ಟ. ದಣಿವಿರಬೇಕು ಎಂದು ಜಿಮ್ ಬಿಟ್ಟ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾಗಿರಬೇಕು ಎಂದು ಎಳನೀರು ಕುಡಿದ, ಬಾಳೆಹಣ್ಣು ತಿಂದ, ಮೆಗ್ನೀಸಿಯಂ ಗುಳಿಗೆ ನುಂಗಿದ. ಕುತ್ತಿಗೆಯ ನರ ಒತ್ತಿರಬಹುದೆಂದು ಎಂಆರ್‌ಐ ಮಾಡಿಸಿದ. ನರಗಳ ಡಾಕ್ಟರು ಸೂಜಿ ಚುಚ್ಚಿ ನೋಡಿ, ಏನೂ ದೋಷವಿಲ್ಲ, ಮನಸ್ಸಿಗೆ ಒತ್ತಡ ಮಾಡಿಕೊಳ್ಳಬೇಡಿ ಎಂದರು. ಸುಮ್ಮನೆ ಕೂತಾಗ ಬರುತ್ತದೆ, ಎದ್ದು ಓಡಾಡಿದರೆ ನಿಲ್ಲುತ್ತದೆ ಎಂದು ಆಕಾಶ ಹೇಳಿದಾಗ ಅವರು ನಕ್ಕೇಬಿಟ್ಟರು. ಹಾಗಿದ್ದರೆ ಅಪಾಯವೇ ಇಲ್ಲ, ನೀವೇ ಓದಿದವರಲ್ಲವೇ ಎಂದರು.

ಓದಿದವನೇ. ಅದಕ್ಕೇ ಅವನು ಎರಡು ದಿನ ಧೈರ್ಯವಾಗಿದ್ದ. ಆದರೆ ಕೂತರೆ ಹೊಡೆತ ಜೋರಾಗುತ್ತಿತ್ತು. ನಿಂತರೂ ಬಿಡುತ್ತಿರಲಿಲ್ಲ. ನಡೆದರೆ ಮಾತ್ರ ನಿಲ್ಲುತ್ತಿತ್ತು. ಮಲಗಿದರೆ ತೋಳು ಸಮೇತ ಹಾರಿ ಹಾಸಿಗೆಯಿಂದ ಎಬ್ಬಿಸುತ್ತಿತ್ತು. ಮಧ್ಯಾಹ್ನ ಕರೆಂಟು ಹೋಗಿ ಕ್ಲಿನಿಕ್ಕಿನ ಒಳಕೋಣೆ ಕತ್ತಲಾದಾಗ ಸುಟ್ಟ ಮೆಣಸಿನಕಾಯಿ ಮೂಗಿಗೆ ಬಡಿಯಿತು. ಪರದೆ ಸರಿಸಿದ, ಕಿಟಕಿ ತೆರೆದ. ವಾಸನೆ ಹೊರಗಿನದಲ್ಲ. ಅದು ಅವನ ಬಲಕಿವಿಯ ಪಕ್ಕದಲ್ಲಿತ್ತು, ಬೆಚ್ಚಗಿತ್ತು, ಉಸಿರಾಡುತ್ತಿತ್ತು.

ಆ ಬಡಿತ ಯಾವುದೆಂದು ಅವತ್ತು ಅವನಿಗೆ ತಿಳಿಯಿತು. ನಾಲ್ಕು ವರ್ಷದ ಮಗಳು ಪ್ರಣಿತಾ ದಿನಾ ಸಂಜೆ ಅವನ ಹೆಗಲೇರಿ ಕೂರುತ್ತಿದ್ದಳು. ಅವನು ನಿಂತುಬಿಟ್ಟರೆ ನಡಿ ಪಪ್ಪಾ, ನಡಿ ಎಂದು ಪುಟ್ಟ ಹಿಮ್ಮಡಿಯಿಂದ ಒದೆಯುತ್ತಿದ್ದಳು. ಇದೂ ಅದೇ. ಹೆಗಲೇರಿ ಕೂತವರು ಯಾರೋ ಹಿಮ್ಮಡಿಯಿಂದ ಒದ್ದು ನಡೆಸುತ್ತಿದ್ದರು.

ಮನೆಗೆ ಬಂದು ಮಗಳನ್ನು ಎತ್ತಿಕೊಳ್ಳಲು ಬಾಗಿದ. ಅವಳು ಹಿಂದೆ ಸರಿದು ತಾಯಿಯ ಸೀರೆ ಹಿಡಿದಳು.

"ಅಲ್ಲಿ ಮುತ್ಯಾ ಕುಂತಾನ," ಎಂದಳು. ಅಜ್ಜನನ್ನು ಅವಳು ಕರೆಯುವುದು ಹಾಗೆ.

ರೇವಣ್ಣ ಮುತ್ಯಾ ಊರಲ್ಲಿದ್ದಾನಲ್ಲ ಮಗಳೇ ಎಂದು ಸಪ್ನಾ ಕೇಳಿದಳು.

"ನಮ್ಮ ಮುತ್ಯಾ ಅಲ್ಲ. ಅರಿಶಿಣ ಹಚ್ಚಿದ ಮುತ್ಯಾ."

ಸಪ್ನಾ ತಡಮಾಡಲಿಲ್ಲ. ಬಟ್ಟೆ ತುಂಬಿಕೊಂಡು, ಇಬ್ಬರನ್ನೂ ಕರೆದುಕೊಂಡು ಬೆಳಗಿನ ಎಸ್‌ಟಿ ಬಸ್ ಹತ್ತಿದಳು. ಸೀಟು ಖಾಲಿಯಿತ್ತು. ಆಕಾಶ ಕೂರಲಿಲ್ಲ. ಅಕ್ಕಲಕೋಟೆ ಮುಟ್ಟುವವರೆಗೆ ಬಸ್ಸಿನ ನಡುವೆ ಹಿಂದೆ ಮುಂದೆ ನಡೆಯುತ್ತಲೇ ಇದ್ದ. ಕಂಡಕ್ಟರು ಒಮ್ಮೆ ಬೈದ. ಆಮೇಲೆ ಅವನ ಮುಖ ನೋಡಿ ಟಿಕೆಟು ಹರಿಯುತ್ತ ಮುಂದೆ ಹೋದ.

ರೇವಣ್ಣನಿಗೆ ಏನನ್ನೂ ವಿವರಿಸಬೇಕಾಗಲಿಲ್ಲ. ಅಳಿಯ ಅಂಗಳದಲ್ಲಿ ತಿರುಗುವುದನ್ನು ಕಂಡದ್ದೇ ತಲೆಯ ರುಮಾಲು ತೆಗೆದು ನೆಲಕ್ಕಿಟ್ಟು ಕುಸಿದು ಕೂತ. ಶಂಕರೆಪ್ಪನೂ ಹೀಗೆಯೇ ಬರಿ ಹೆಗಲು ಕೊಟ್ಟಿದ್ದನಂತೆ, ಮಾಟ ಕಲಿಸಿದ ತನ್ನ ಗುರುವಿಗೆ. ಗುರು ಇನ್ನೊಬ್ಬನಿಗೆ ಕೊಟ್ಟಿದ್ದನಂತೆ. ಹೆಣ ಮಣ್ಣಿಗೆ ಹೋಗುತ್ತದೆ, ಅದು ಹೋಗುವುದಿಲ್ಲ. ನಡೆಸುತ್ತದೆ. ಹೊತ್ತವನು ಸಾಯುವ ತನಕ ನಡೆಸುತ್ತದೆ.

ಇದನ್ನು ಇಳಿಸುವುದು ಹೇಗೆಂದು ಆಕಾಶ ಕೇಳಿದ. ಅವನ ದನಿಯಲ್ಲಿ ಹಿಂದಿನ ಗತ್ತು ಎಳ್ಳಷ್ಟೂ ಉಳಿದಿರಲಿಲ್ಲ.

"ನೀವು ಇಳಸಾಕ ಬರಂಗಿಲ್ಲ. ಇನ್ನೊಂದು ಬರೇ ಹೆಗಲ ತಾನಾಗೇ ಬಂದು ಆನಬೇಕು. ಆಗ ದಾಟತೈತಿ," ಎಂದ ರೇವಣ್ಣ. "ಒಮ್ಮೆ ದಾಟಿದ ಮ್ಯಾಲ ಹಿಂದಿನ ಹೆಗಲಿಗೆ ತಿರುಗಿ ಬರಂಗಿಲ್ಲ."

ಹೇಳಿ ಎದ್ದ. ಹೊದ್ದ ಕಂಬಳಿ ತೆಗೆದ. ಅಂಗಿ ಬಿಚ್ಚಿದ. ಎಪ್ಪತ್ತು ದಾಟಿದ ತನ್ನ ಎಲುಬಿನ ಹೆಗಲನ್ನು ಅಳಿಯನ ಹೆಗಲಿಗೆ ಒತ್ತಿ ನಿಂತ. ಹಿಂದೆ ನಿಂತಿದ್ದ ಸಪ್ನಾ, "ಅಪ್ಪಾ!" ಎಂದು ಕೂಗಿದಳು. ಮುದುಕ ಕದಲಲಿಲ್ಲ. ಬೀರೋಬನ ಹೆಸರು ಹೇಳುತ್ತ ಕಣ್ಣು ಮುಚ್ಚಿ ಕಾದ. ಆಕಾಶನ ಹೆಗಲು ಮಾತ್ರ ಹಾರುತ್ತಲೇ ಇತ್ತು. ಹುಟ್ಟಿದಾಗಿನಿಂದ ದೇವರ ಕಂಬಳಿ ಹೊತ್ತ ಹೆಗಲು ಅದಕ್ಕೆ ಬೇಕಾಗಿರಲಿಲ್ಲ. ರೇವಣ್ಣ ಅಂಗಿ ಹಾಕಿಕೊಂಡ.

ಸಪ್ನಾಳ ಹೆಗಲಿಗೆ ಅವನೇ ಕಂಬಳಿ ಕಟ್ಟಿದ. ಮಗುವಿಗೂ ಕಟ್ಟಿದ. ಮಗುವನ್ನು ಮಾತ್ರ ಹತ್ತಿರ ಬಿಡಬೇಡ ಎಂದು ಆಕಾಶ ಹೆಂಡತಿಯ ಕೈ ಹಿಡಿದು ಹೇಳಿದ. ಅವಳು ತಲೆಯಾಡಿಸಿದಳು. ನಿದ್ದೆಯಿಲ್ಲದೆ ಐದು ದಿನವಾಗಿತ್ತು, ಕಾಲು ಬಾತು ಕೊಡವಾಗಿದ್ದವು. ಅವನನ್ನು ಒಳಕೋಣೆಗೆ ಕರೆದೊಯ್ದು, ಭಂಡಾರ ಬಳಿದ ದೊಡ್ಡ ಕಂಬಳಿಯಲ್ಲಿ ಸುತ್ತಿ ಮಲಗಿಸಿದರು. ಇದರಲ್ಲಿ ಒಂದು ಗಳಿಗೆಯಾದರೂ ಕಣ್ಣು ಹತ್ತೀತು ಎಂದ ರೇವಣ್ಣ. ಬಾಗಿಲು ಮುಂದೆ ಮಾಡಿಕೊಂಡರು.

ಅದು ಮಣ್ಣಿನ ಮಾಳಿಗೆಯ ಮನೆ. ಒಳಕೋಣೆಗೆ ಕಿಟಕಿಯಿಲ್ಲ. ನಟ್ಟನಡು ಮಧ್ಯಾಹ್ನದಲ್ಲೂ ಅಲ್ಲಿ ಕಣ್ಣಿಗೆ ಕೈ ಕಾಣದ ಕತ್ತಲು. ಜೋಳದ ಚೀಲಗಳ ಧೂಳಿನ ವಾಸನೆ, ಕುರಿ ಉಣ್ಣೆಯ ವಾಸನೆ. ಹೊರಗೆ ಎಲ್ಲೋ ಮರಿಯೊಂದು ಅರಚುತ್ತಿತ್ತು. ಕಂಬಳಿಯೊಳಗೆ ಸೆಕೆಯಾಯಿತು. ಬೆವರು. ಹೊಡೆತ. ಬೆವರು. ಹೊಡೆತ. ಯಾವಾಗಲೋ ಅವನ ಅರಿವು ಮುಳುಗಿತು. ಯಾವಾಗಲೋ ಕಂಬಳಿ ಜಾರಿತು.

ಬಾಗಿಲು ಕಿರ್ ಎಂದಿತು.

ಪುಟ್ಟ ಕಾಲಿನ ಸಪ್ಪಳ. ಅವನಿಗೆ ಕೇಳಿಸಿತು. ಕನಸೋ ಏನೋ. ಎಣ್ಣೆ ಹಚ್ಚಿದ ತಲೆಯ ವಾಸನೆ. ಹತ್ತಿರ. ಇನ್ನೂ ಹತ್ತಿರ. ಬೇಡ ಎನ್ನಬೇಕು. ನಾಲಿಗೆ ಏಳಲಿಲ್ಲ. ಒಂದು ಮೆತ್ತನೆಯ ಮೈ ಬಲಮಗ್ಗುಲಿಗೆ ಬಂದು ಒರಗಿತು. ಬೆಚ್ಚಗಿನ ಸಣ್ಣ ಹೆಗಲು. ಬರಿಯ ಹೆಗಲು. ಅವನಿಗೆ ಗೊತ್ತಾಯಿತು. ಇದನ್ನು ಅವನು ಆಮೇಲೆ ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ, ಆದರೆ ಗೊತ್ತಾಯಿತು. ಎಡಗೈ ಏಳುತ್ತಿತ್ತು. ದೂಡಬಹುದಿತ್ತು. ಅಷ್ಟರಲ್ಲಿ ಹೊಡೆತ ನಿಂತಿತು.

ನಿಂತೇಬಿಟ್ಟಿತು. ಅಬ್ಬಾ. ಎಷ್ಟು ಹಗುರ. ಹೆಗಲೇ ಇಲ್ಲದಷ್ಟು ಹಗುರ. ಒಂದು ನಿಮಿಷ, ಎಂದಿತು ಅವನ ಮನಸ್ಸು. ಒಂದೇ ನಿಮಿಷ. ಎತ್ತಿದ ಕೈ ಕೆಳಗಿಳಿಯಿತು. ಅವನು ನಿದ್ದೆಹೋದ.

ಎಚ್ಚರವಾದಾಗ ಬಾಗಿಲಿನಿಂದ ಸಂಜೆಯ ಬಿಸಿಲು ಒಳಗೆ ಬಿದ್ದಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಮಗುವಿಗೆ ಕಟ್ಟಿದ್ದ ಕಂಬಳಿ ತುಂಡು ಹೊಸ್ತಿಲಲ್ಲಿ ಬಿಚ್ಚಿ ಬಿದ್ದಿತ್ತು. ಅಂಗಳದಿಂದ ಸಪ್ನಾಳ ಅಳು ಕೇಳುತ್ತಿತ್ತು. ನೀರು ತರಲು ಭಾವಿಗೆ ಹೋಗಿದ್ದೆ, ಹೋದದ್ದು ಒಂದು ಗಳಿಗೆ, ಒಂದೇ ಗಳಿಗೆ ಎಂದು ಅವಳು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು.

ಪ್ರಣಿತಾ ಅಂಗಳದಲ್ಲಿ ನಡೆಯುತ್ತಿದ್ದಳು. ಸುತ್ತು ಹಾಕಿ ಸುತ್ತು ಹಾಕಿ ನಡೆಯುತ್ತಿದ್ದಳು. ಫ್ರಾಕಿನ ತೋಳು ಜಾರಿತ್ತು. ಆಕಾಶ ಓಡಿಹೋಗಿ ಅವಳನ್ನು ಹಿಡಿದು ನಿಲ್ಲಿಸಿದ. ನಿಂತದ್ದೇ ತಡ, ಗುಬ್ಬಿಯಷ್ಟಿದ್ದ ಆ ಬಲಹೆಗಲು ಪಟಪಟ ಹಾರತೊಡಗಿತು.

ಅವನು ಅಂಗಿ ಹರಿದುಕೊಂಡ. ಮೊಣಕಾಲೂರಿ ತನ್ನ ಹೆಗಲನ್ನು ಅವಳ ಹೆಗಲಿಗೆ ಒತ್ತಿದ. ನನಗೆ ಕೊಡು, ನನಗೇ ಕೊಡು, ನಾನು ಸಾಯುವ ತನಕ ಹೊರುತ್ತೇನೆ ಎಂದು ಶಂಕರೆಪ್ಪನ ಹೆಸರು ಹಿಡಿದು ಬೇಡಿದ. ಏನೂ ಬರಲಿಲ್ಲ. ಅವನ ಹೆಗಲು ಕಲ್ಲಿನಂತೆ ಸುಮ್ಮನಿತ್ತು. ರೇವಣ್ಣ ಗೋಡೆಯ ಕಡೆ ಮುಖ ತಿರುಗಿಸಿ ನಿಂತುಬಿಟ್ಟ.

"ಯಾಕ ಬಂದ್ಯವ್ವ ನನ್ನ ಹತ್ರ? ಅಂಜಿಕಿ ಬರಲಿಲ್ಲೇನು ನಿನಗ?" ಎಂದು ಆಕಾಶ ಮಗಳನ್ನು ಕೇಳಿದ.

"ಮುತ್ಯಾ ಕರದ," ಎಂದಳು ಮಗು. "ಸರದು ಜಾಗಾ ಕೊಟ್ಟ."

ಈಗ ವಿಜಾಪುರ ರಸ್ತೆಯ ಜನಕ್ಕೆ ಅವರಿಬ್ಬರನ್ನು ನೋಡಿ ರೂಢಿಯಾಗಿದೆ. ಮುಂದೆ ಮಗು, ಹಿಂದೆ ನೀರಿನ ಬಾಟಲಿ ಹಿಡಿದ ಅಪ್ಪ. ಕ್ಲಿನಿಕ್ ಮುಚ್ಚಿದೆ. ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿ, ಸ್ನಾಯು ಅದುರುವುದಕ್ಕೆ ಸಾಮಾನ್ಯವಾಗಿ ಇಂತಿಂಥ ಕಾರಣಗಳಿರುತ್ತವೆ ಎಂದು ಒಂದೊಂದಾಗಿ ಹೇಳಿದರು. ಆಕಾಶ ಎಲ್ಲಕ್ಕೂ ತಲೆಯಾಡಿಸಿದ. ದಾರಿಯಲ್ಲಿ ಯಾರಾದರೂ ಅಯ್ಯೋ ಪಾಪ ಎಂದು ಕೂಸನ್ನು ಎತ್ತಿಕೊಳ್ಳಲು ಬಾಗಿದರೆ ಅವನು ಹೆಜ್ಜೆ ತಡೆಯುತ್ತಾನೆ. ಅವರ ಹೆಗಲು ಬರಿಯಾಗಿದೆಯೇ ಎಂದು ಅವನ ಕಣ್ಣು ತಾನಾಗಿಯೇ ನೋಡುತ್ತದೆ.

ಮೊನ್ನೆ ಬಿಸಿಲಲ್ಲಿ ಅವಳು ನಡೆಯುತ್ತಲೇ ಹಿಂತಿರುಗಿ ನೋಡಿದಳು. ತುಟಿ ಒಣಗಿತ್ತು.

"ಬೇವಿನ ಗಿಡದ ಕಟ್ಟಿ ಇನ್ನಾ ಎಷ್ಟು ದೂರ ಐತಿ ಅಂತ ಮುತ್ಯಾ ಕೇಳಾಕತ್ತಾನ ಪಪ್ಪಾ."

"ಬಂತವ್ವ," ಎಂದ ಆಕಾಶ. "ಇಲ್ಲೇ ಐತಿ."

ಅವಳು ಮುಂದೆ ನಡೆದಳು. ಅವನು ಬಾಟಲಿಯ ಮುಚ್ಚಳ ತೆಗೆದುಕೊಂಡು ಹಿಂದೆ ಹೋದ.