ಮುಂದೆ ಹೋಗಿ ಕಾಯುವ ಕಣ್ಣು

ಪರದೆಯ ಮೇಲೆ ನೀಲಿ ಗೆರೆಯೊಂದು ಏರುತ್ತಿತ್ತು. ಅದು ಇನ್ನೂ ಅರ್ಧ ದಾರಿಯಲ್ಲಿರುವಾಗಲೇ, ಮೂರು ಊರುಗಳಲ್ಲಿ ಕುಳಿತ ಮೂವರ ಕಣ್ಣುಗಳು ಅದು ಮುಟ್ಟಲಿದ್ದ ಜಾಗಕ್ಕೆ ಹೋಗಿ ನಿಂತವು. ಅವರು ಹಾಕಿಕೊಂಡಿದ್ದ ಕನ್ನಡಕಗಳು ಅದನ್ನು ಗುರುತಿಸಿದವು. ಹದಿನೆಂಟನೆಯ ಪಾಠದ ಬಾಗಿಲು ತೆರೆಯಿತು.

ಇದು ಡಾ. ವಾರಿಜಾ ಭಂಡಾರಿ ಕಂಡುಹಿಡಿದ ‘ಕೂಡುಬಾಗಿಲು’. ವಿಷಯ ತಿಳಿದವರ ಕಣ್ಣು ಉತ್ತರ ಕಾಣಿಸುವ ಮೊದಲೇ ಅದು ಬರುವ ಜಾಗಕ್ಕೆ ಹೋಗಿ ಕಾಯುತ್ತದೆ. ತಿಳಿಯದವರ ಕಣ್ಣು ಉತ್ತರದ ಬೆನ್ನು ಹತ್ತಿ ಹೋಗುತ್ತದೆ. ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟಿರುವ ಈ ಅಂತರವನ್ನು ಕಲಿಕೆಯ ಕನ್ನಡಕ ಅಳೆಯುತ್ತಿತ್ತು. ಒಟ್ಟಿಗೆ ಕಲಿಯುವ ಕೂಟದ ಎಲ್ಲರ ಕಣ್ಣೂ ಮುಂದೆ ಹೋದರೆ ಮಾತ್ರ ಮುಂದಿನ ಪಾಠ. ಯಾರದು ಹಿಂದುಳಿಯಿತೆಂದು ಯಂತ್ರ ಹೇಳುತ್ತಿರಲಿಲ್ಲ. ಕೂಟ ಬಿಟ್ಟವರು ಬೇರೆ ಕೂಟದಲ್ಲಿ ಮೊದಲ ಪಾಠದಿಂದ ಶುರುಮಾಡಬೇಕಿತ್ತು. ಇಲ್ಲವಾದರೆ ಬಾಗಿಲು ಮುಚ್ಚಿದಾಗಲೆಲ್ಲ ಜನ ಕೂಟ ಬದಲಿಸುತ್ತ ಹೋಗುತ್ತಿದ್ದರು. ಮೊದಲೆಲ್ಲ ಮೂರನೆಯ ವಾರಕ್ಕೇ ಮಾಯವಾಗುತ್ತಿದ್ದ ಹೊಸಬರು ಈಗ ಕೊನೆಯವರೆಗೂ ಉಳಿಯುತ್ತಿದ್ದರು. ತಿಳಿದವರಿಗೆ ತಿಳಿಯದವರನ್ನು ಬಿಟ್ಟು ಹೋಗಲು ದಾರಿಯೇ ಇರಲಿಲ್ಲ.

ಆದರೆ ಅದಾದ ಮೇಲಿನ ಹತ್ತೊಂಬತ್ತನೆಯ ಬಾಗಿಲು ನಲವತ್ತೇಳು ದಿನಗಳಾದರೂ ತೆರೆದಿರಲಿಲ್ಲ.

ಬೆಟಗೇರಿಯ ಸುವರ್ಣಾ ಕಮ್ಮಾರ ಆ ದಿನಗಳನ್ನು ಎಣಿಸುತ್ತಿದ್ದಳು. ಆರು ವರ್ಷಗಳಿಂದ ಅವಳು ಹಳೆಯ ಬ್ಯಾಟರಿ ಒಡೆಯುವ ಕಾರ್ಖಾನೆಯಲ್ಲಿದ್ದಳು. ರಕ್ತದಲ್ಲಿ ಸೀಸ ಏರಿದೆ, ಇನ್ನೊಂದು ವರ್ಷ ಅಲ್ಲಿ ದುಡಿದರೆ ಕೈನಡುಕ ಉಳಿದುಬಿಡುತ್ತದೆ ಎಂದು ವೈದ್ಯರು ಹೇಳಿದ್ದರು. ಮನೆಗಳಲ್ಲಿಡುವ ಉಸಿರಾಟದ ಯಂತ್ರಗಳ ರಿಪೇರಿ ಕೇಂದ್ರದಲ್ಲಿ ಕೆಲಸ ಕಾದಿತ್ತು. ಅದಕ್ಕೆ ಈ ಇಪ್ಪತ್ತು ಪಾಠ ಮುಗಿಸಿದ ಪರವಾನಗಿಯನ್ನು ಆ ವಾರದ ಶುಕ್ರವಾರದೊಳಗೆ ಕೊಡಬೇಕಿತ್ತು.

ಪಾಠವೇನೋ ಚಿಕ್ಕದು. ಯಂತ್ರ ಗಾಳಿ ಊದುತ್ತದೆ; ಕೊಳವೆಯಲ್ಲಿನ ಸಂವೇದಕ ಒತ್ತಡವನ್ನು ಅಳೆದು ತಿಳಿಸುತ್ತದೆ; ಅದನ್ನು ನೋಡಿ ಕವಾಟ ಹೆಚ್ಚೋ ಕಡಿಮೆಯೋ ತೆರೆಯುತ್ತದೆ. ಆದರೆ ಆ ಸುದ್ದಿ ತುಸು ತಡವಾಗಿ ಬರುವುದರಿಂದ ಒತ್ತಡ ಗುರಿ ದಾಟಿ ಮೇಲಕ್ಕೂ ಕೆಳಕ್ಕೂ ತೂಗಾಡುತ್ತದೆ. ಎಷ್ಟು ತೂಗಾಡೀತು ಎಂಬುದಕ್ಕೆ ಸೂತ್ರವಿತ್ತು. ಸುವರ್ಣಾ ಮೊದಲ ದಿನವೇ ಲೆಕ್ಕಗಳನ್ನೆಲ್ಲ ದಶಾಂಶದವರೆಗೆ ಸರಿಯಾಗಿ ಮಾಡಿ, ಕೂಟದವರು ಬರೆದುಕೊಳ್ಳುವ ಮಾತಿನಂಕಣದಲ್ಲಿ ‘ತಿಳೀತು’ ಎಂದು ಬರೆದಿದ್ದಳು.

ಉಳಿದವರು ಇಬ್ಬರು. ಬೈಂದೂರಿನ ಐರಿನ್ ನರ್ಸ್. ದಿನವೂ ಆ ಯಂತ್ರಗಳ ಸದ್ದಿನ ನಡುವೆ ಇರುವವಳು. ಮದ್ದೂರಿನ ತಮ್ಮಣ್ಣ ಇಪ್ಪತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಚಾಲಕರಿಲ್ಲದ ಬಸ್ಸುಗಳು ಬಂದು ಕೆಲಸ ಹೋದಮೇಲೆ ಅರವತ್ತರ ಅಂಚಿನಲ್ಲಿ ಕಲಿಯಲು ಕುಳಿತಿದ್ದರು. ಪ್ರತಿ ಪಾಠದಲ್ಲೂ ಹತ್ತಾರು ಪ್ರಶ್ನೆ ಕೇಳುತ್ತಿದ್ದರು. ಹಾಗಾಗಿ ಬಾಗಿಲು ಯಾರಿಂದ ಮುಚ್ಚಿದೆ ಎಂಬ ಅನುಮಾನವೇ ಸುವರ್ಣಾಳಿಗೆ ಇರಲಿಲ್ಲ. ಕೆಲಸದಿಂದ ಬಂದು, ಕೈ ತೊಳೆದು, ಅದೇ ಸೂತ್ರವನ್ನು ಅವರಿಗೆ ಮತ್ತೆ ಮತ್ತೆ ಬಿಡಿಸಿ ಹೇಳಿದ್ದಳು. ಅವರು ಬಸ್ಸಿನ ಮಾತು ತೆಗೆದಾಗ ‘ಅದು ಬ್ಯಾರೆ ವಿಷಯ, ಬಿಡ್ರಿ ಕಾಕಾ’ ಎಂದು ಪಾಠಕ್ಕೆ ತಂದಿದ್ದಳು.

ಮಂಗಳವಾರ ಅವಳು ಕೇಳಿಯೇಬಿಟ್ಟಳು.

“ಕಾಕಾ, ಸಿಟ್ಟಾಗಬ್ಯಾಡ್ರಿ. ನೀವು ಕೂಟದಿಂದ ಇಳಿದ್ರ ನಮ್ಮಿಬ್ಬರಿಗಾದ್ರೂ ದಾರಿ ಆಗ್ತೈತಿ.”

“ಬಸ್ಸಲ್ಲಿ ಎಷ್ಟ್ ಜನಾನ ಇಳಿಸಿಲ್ಲ ನಾನು. ಇವತ್ತು ನನ್ ಸ್ಟಾಪು, ಅಷ್ಟೇಯ ಕಣವ್ವ” ಎಂದರು ತಮ್ಮಣ್ಣ. ಅವರ ಹೆಸರು ಪರದೆಯಿಂದ ಅಳಿಯಿತು. ಹದಿನೆಂಟು ಪಾಠಗಳೂ ಅದರ ಜೊತೆ ಹೋದವು.

ನೀಲಿ ಗೆರೆ ಏರಿತು, ಇಳಿಯಿತು. ಬಾಗಿಲು ತೆರೆಯಲಿಲ್ಲ.

“ಈಗ ಇಬ್ರೇ ಅಲ್ದಾ ಮಾರಾಯ್ರೆ,” ಎಂದಳು ಐರಿನ್. “ನಾನಾ, ನೀವಾ?”

ಮರುದಿನ, ಕೂಟಗಳ ಕರೆಗಳಿಗೆ ಉತ್ತರಿಸಲು ವಾರಿಜಾ ಕೂರುವ ವೇಳೆಯಲ್ಲಿ, ಸುವರ್ಣಾ ಕರೆಮಾಡಿ ಹಿಂದುಳಿದವರ ಹೆಸರು ಕೇಳಿದಳು. ವಾರಿಜಾ ಹೇಳಲಿಲ್ಲ. ಪ್ರಯೋಗದ ಮೊದಲ ವರ್ಷ ಹೆಸರು ತೋರಿಸಿದ್ದೆವು; ಹೆಸರು ಬಂದವರು ಆಮೇಲೆ ಬಾಯೇ ಬಿಡಲಿಲ್ಲ ಎಂದು ವಿವರಿಸಿದರು. ಕರೆ ಮುಗಿಸುವ ಮುನ್ನ ಕೇಳಿದ್ದು ಒಂದೇ.

“ಸುವರ್ಣಾ, ಕೂಟದಲ್ಲಿ ನೀವು ಕೊನೆಯ ಸಲ ಪ್ರಶ್ನೆ ಕೇಳಿದ್ದು ಯಾವ ಪಾಠದಲ್ಲಿ?”

ಅವಳು ಮಾತಿನಂಕಣವನ್ನು ಹಿಂದಕ್ಕೆ ಸರಿಸಿದಳು. ಆರನೆಯ ಪಾಠ. ಆಮೇಲಿನದೆಲ್ಲ ಅವಳು ಕೊಟ್ಟ ಉತ್ತರಗಳೇ. ಮತ್ತೆ ಗೆರೆಯನ್ನು ಓಡಿಸಿ, ಈ ಸಲ ತನ್ನ ಕಣ್ಣನ್ನು ತಾನೇ ಗಮನಿಸಿದಳು. ಅದು ಗೆರೆಯ ತುದಿಗೆ ಅಂಟಿಕೊಂಡು, ಹಿಂದೆ ಹಿಂದೆಯೇ ಹೋಗುತ್ತಿತ್ತು.

ತಮ್ಮಣ್ಣನವರ ನಂಬರಿಗೆ ಕರೆಮಾಡಲು ಗುರುವಾರದವರೆಗೆ ಧೈರ್ಯ ಬರಲಿಲ್ಲ. “ಕಾಕಾ, ನನಗ ತಿಳಿದಿಲ್ರಿ,” ಎಂದಳು. ಆ ಮಾತು ಅವಳ ಬಾಯಿಗೇ ಹೊಸದಾಗಿತ್ತು.

“ಅಂತೂ ಸೀಟು ಬಿಟ್ಟು ಕೆಳಗಿಳಿದ್ಯಲ್ಲ, ಮೇಡಂ,” ಎಂದು ಅವರು ನಕ್ಕರು. “ಕೇಳು. ಸ್ಟಾಪು ಬಂದ ಮೇಲೆ ವಿಸಲ್ ಊದಿದ್ರೆ, ಡ್ರೈವರ್ ಕಿವಿಗೆ ಬಿದ್ದು ಬ್ರೇಕ್ ತುಳಿಯೋ ಹೊತ್ಗೆ ಬಸ್ಸು ಮುಂದೋಗಿರ್ತದೆ. ಜನ ಬೈತಾರೆ ಅಂತ ರಿವರ್ಸ್ ತಗಂಡ್ರೆ, ಸಾಕು ಅಂತ ಊದೋದೂ ತಡ, ಆಚೆ ಕಡೆ ಜಾಸ್ತಿ ಹೋಗ್ತದೆ. ಎಷ್ಟು ಜೋರಾಗಿ ತುಳುದ್ರೂ ತಪ್ಪು ಕಾಲಿಂದಲ್ಲ, ತಡದ್ದು. ಅದ್ಕೇ ನಾವು ಸ್ಟಾಪಿಗೆ ಮುಂಚೇನೇ ಊದ್ತಿದ್ದೊ.”

ಅವಳು ಪರದೆಯತ್ತ ನೋಡಿದಳು. ಗೆರೆ ಏರತೊಡಗಿದೊಡನೆ ಅವಳಿಗೆ ಬಸ್ಸು ಕಂಡಿತು. ಸ್ಟಾಪು ದಾಟಿ ಅದು ಎಲ್ಲಿ ನಿಲ್ಲುತ್ತದೆಂದು ಕಂಡಿತು; ಐರಿನ್ ಕಣ್ಣು ಮೊದಲೇ ಕಾಯುತ್ತಿದ್ದ ಆ ಜಾಗಕ್ಕೆ ಅವಳ ಕಣ್ಣೂ ಹೋಗಿ ನಿಂತಿತು. ಬಾಗಿಲು ತೆರೆಯಿತು.

ಈ ಬಸ್ಸಿನ ಮಾತನ್ನು ತಮ್ಮಣ್ಣ ಈ ಪಾಠದ ಮೂರನೆಯ ದಿನವೇ ಮಾತಿನಂಕಣದಲ್ಲಿ ಬರೆದಿದ್ದರು. ಅದರ ಕೆಳಗೆ ‘ಬಿಡ್ರಿ ಕಾಕಾ’ ಎಂಬ ಅವಳ ಸಾಲು ಹಾಗೆಯೇ ಇತ್ತು.

ಇಪ್ಪತ್ತನೆಯದು ಪುನರಾವರ್ತನೆಯ ಪಾಠ. ಶುಕ್ರವಾರ ಮಧ್ಯಾಹ್ನ ಪರವಾನಗಿ ಅವಳ ಕೈಸೇರಿತು.

ವಾರಿಜಾ ಅಂದು ದಾಖಲೆಗಳ ಮುಂದೆ ಕುಳಿತಿದ್ದರು. ಮೂರನೆಯ ದಿನದಿಂದಲೂ ತಮ್ಮಣ್ಣನವರ ಕಣ್ಣು ಮುಂದೆ ಹೋಗಿ ಕಾಯುತ್ತಿತ್ತು. ಅದು ವಾರಿಜಾ ಅವರಿಗೆ ಗೊತ್ತಿತ್ತು. ತಮ್ಮಣ್ಣ ಕೂಟ ಬಿಟ್ಟ ಕ್ಷಣವನ್ನೂ ಕಂಡಿದ್ದರು. ತಾವೇ ಮಾಡಿದ ನಿಯಮ ಬಾಯಿ ಕಟ್ಟಿತ್ತು. ನಾಚಿಕೆಯಾಗದಿರಲಿ ಎಂದು ಹೆಸರು ಮರೆಮಾಡಿದರೆ, ಜನ ತಾವೇ ಒಬ್ಬರನ್ನು ಹುಡುಕಿಕೊಂಡಿದ್ದರು, ಹೆಚ್ಚು ಪ್ರಶ್ನೆ ಕೇಳುವವರನ್ನು. ತಮ್ಮಣ್ಣ ಈಗ ಐವರು ಹೊಸಬರ ಜೊತೆ ಮೊದಲ ಪಾಠದಲ್ಲಿದ್ದರು. ‘ಈ ಅಂಕಲ್‌ನಿಂದ ನಮಗೆ ಲೇಟಾಗುತ್ತೆ’ ಎಂದು ಅಲ್ಲಿ ಆಗಲೇ ಯಾರೋ ಬರೆದಾಗಿತ್ತು.

ಸಂಶೋಧನೆಗೆಂದು ಇಟ್ಟುಕೊಂಡಿದ್ದ ಹಳೆಯ ಅಂತರ್ಜಾಲ ಚರ್ಚಾವೇದಿಕೆಯೊಂದರ ಪುಟವನ್ನು ವಾರಿಜಾ ತೆರೆದರು. ಇಸವಿ 2026. ಹೊಸಬನೊಬ್ಬ ತನ್ನ ಮೋಟಾರು ಯಾಕೆ ನಿಲ್ಲದೆ ತೂಗಾಡುತ್ತದೆಂದು ಮೂರು ಸಲ ಕೇಳಿದ್ದ. ಒಬ್ಬರು ಸೂತ್ರ ಕೊಟ್ಟಿದ್ದರು. ‘ಇದನ್ನು ಎಷ್ಟು ಸಲ ಹೇಳುವುದು’ ಎಂದು ಇನ್ನೊಬ್ಬರು ಕೇಳಿದ್ದರು. ಅದರ ಕೆಳಗೆ ಹನ್ನೊಂದು ಜನ ‘ತಿಳಿಯಿತು, ಧನ್ಯವಾದ’ ಎಂದಿದ್ದರು. ಆಗ ಕನ್ನಡಕವಿರಲಿಲ್ಲ. ಹನ್ನೊಂದರಲ್ಲಿ ಎಷ್ಟು ಕಣ್ಣು ಮುಂದೆ ಹೋಗಿದ್ದವೋ, ತಿಳಿಯಲು ದಾರಿಯಿಲ್ಲ.

ಕೇಳಿದವನು ಮಾತ್ರ ಮತ್ತೆ ಬರೆದಿರಲಿಲ್ಲ.